ಬಾಮೈದನ ಹಗ್ಗ

"ಅಕ್ಕೋ, ಈ ಅಗ್ಗ ನನ್ ಕೈಲಿರಗಂಟ ನಿನ್ ಗಂಡ ನೆಲಕ್ಕೆ ಬೀಳಕಿಲ್ಲ. ಎದ್ರುಬ್ಯಾಡ ಕಣಕ್ಕ."

ಜಯರಾಮ ಈ ಮಾತು ಕೊಟ್ಟಿದ್ದು ಅಕ್ಕ ಚಿಕ್ಕಮಾದಿಯ ಮದುವೆಯಾದ ಹೊಸದರಲ್ಲಿ, ಕಾಕನಕೋಟೆ ಕಾಡಿನ ಅಂಚಿಗೆ, ಹೆಜ್ಜೇನು ಕಟ್ಟಿದ್ದ ಮರದ ಬುಡದಲ್ಲಿ. ಆಗಿನ್ನೂ ಅವನಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ. ಆದರೂ ಅದು ಹುಡುಗಾಟದ ಮಾತಲ್ಲ. ಅವರ ಹಾಡಿಯಲ್ಲಿ ಜೇನು ಕೀಳಲು ಮರ ಹತ್ತುವವನ ಸೊಂಟದ ಹಗ್ಗವನ್ನು ಕೆಳಗೆ ನಿಂತು ಹಿಡಿಯುವವನು ಅವನ ಬಾಮೈದನೇ ಆಗಿರಬೇಕು. ಸ್ವಂತ ಅಣ್ಣತಮ್ಮಂದಿರ ಕೈಗೆ ಹಗ್ಗ ಕೊಡುವ ಹಾಗಿಲ್ಲ. ಒಡಹುಟ್ಟಿದವನ ಮನಸ್ಸಿನಲ್ಲಿ ಏನೇನಿರುತ್ತದೋ ಯಾರಿಗೆ ಗೊತ್ತು. ಅಕ್ಕನನ್ನು ಮುಂಡೆ ಮಾಡುವ ಆಸೆ ಮಾತ್ರ ತಮ್ಮನಿಗೆ ಇರಲಾರದು, ಎಂಬುದು ಹಿರಿಯರ ಲೆಕ್ಕ. ಹಿರಿಯರು ಯಾರನ್ನೂ ಸುಮ್ಮಸುಮ್ಮನೆ ನಂಬಿದವರಲ್ಲ.

ಈಗ ಅದೇ ಹಗ್ಗದ ಒಂದು ತುದಿ ಅವಳ ಗಂಡ ದೊಡ್ಡಬೊಮ್ಮನ ಮಣಿಕಟ್ಟಿನಲ್ಲಿತ್ತು. ಇನ್ನೊಂದು ತುದಿ ಚಿಕ್ಕಮಾದಿಯ ಸೊಂಟದಲ್ಲಿತ್ತು. ಉಳಿದದ್ದನ್ನು ಸುರುಳಿ ಮಾಡಿ ಅವಳು ಹೆಗಲಿಗೆ ಹಾಕಿಕೊಂಡಿದ್ದಳು.

"ಏಯ್, ಹಗ್ಗ ಬಿಚ್ಚಮ್ಮಾ! ಇದೇನು ದನದ ಜಾತ್ರೆ ಅಂದ್ಕೊಂಡ್ಯಾ?"

ಮೇಜಿನ ಹಿಂದೆ ಕೂತಿದ್ದ ಗುಮಾಸ್ತ ಕೂಗಿದ. ಅಂಗವಿಕಲರಿಗೆ ಸರ್ಟಿಫಿಕೇಟು ಕೊಡುವ ಕ್ಯಾಂಪು ಅದು. ಪೇಟೆಯ ಕಲ್ಯಾಣ ಮಂಟಪದಲ್ಲಿ ಹಿಂದಿನ ದಿನದ ಮದುವೆಯ ಚೆಂಡುಹೂವು ಇನ್ನೂ ಬಾಡಿಕೊಂಡು ನೇತಾಡುತ್ತಿತ್ತು. ಊರುಗೋಲಿನವರು, ಗಾಲಿಕುರ್ಚಿಯವರು, ಕಪ್ಪು ಕನ್ನಡಕದವರು ತಿರುಗಿ ನೋಡಿದರು. ಯಾರೋ ಕಿಸಕ್ಕನೆ ನಕ್ಕರು.

"ಬಿಚ್ಚುದ್ರೆ ಒಂಟೋಯ್ತನೆ ಸಾಮಿ."

"ಎಲ್ಲಿಗೆ ಹೋಗ್ತಾನೆ? ಓಡಿಹೋಗೋಕೆ ಕಾಲು ಸರಿ ಇದೆ ಅಂತಾಯ್ತು. ಮತ್ತೆ ಇಲ್ಲಿಗ್ಯಾಕ್ ಬಂದೆ?"

ಚಿಕ್ಕಮಾದಿ ಬಿಚ್ಚಲಿಲ್ಲ. ಹೋದ ವರ್ಷ ಯಜಮಾನ ವಿರೂಪಾಕ್ಷನ ತಂಬಾಕಿನ ಬ್ಯಾರನ್ನಿನೊಳಗೆ, ಸೊಪ್ಪು ಬೇಯಿಸುವ ಆ ಎತ್ತರದ ಮನೆಯೊಳಗೆ, ಮೇಲಿನ ಗಳದಿಂದ ತಲೆ ಕೆಳಗಾಗಿ ಬಿದ್ದಮೇಲೆ ದೊಡ್ಡಬೊಮ್ಮ ಹೀಗೇ. ಬಿಟ್ಟರೆ ನಡೆಯುತ್ತಾನೆ. ಒಮ್ಮೆ ಆನೆ ಕಂದಕದೊಳಗೆ ಸಿಕ್ಕಿದ್ದ. ಒಮ್ಮೆ ರಸ್ತೆಯ ನಟ್ಟನಡುವೆ ಕೂತು ಲಾರಿಯವನಿಂದ ಒದೆ ತಿಂದಿದ್ದ. ಇನ್ನೊಮ್ಮೆ ಹಗ್ಗವೇ ಇಲ್ಲದೆ ಮರದ ತುದಿ ಸೇರಿ ನಗುತ್ತಿದ್ದ. ತಲೆಯಿಂದ ಆಚೆಗೆ ಚೆಲ್ಲಿಹೋದದ್ದು ಏನೇನೆಂದು ಅವಳಿಗೆ ಪೂರ್ತಿ ತಿಳಿಯದು, ಹೆದರಿಕೆಯಂತೂ ಹೋಗಿತ್ತು. ಮೂಗಿಗೆ ವಾಸನೆ ಹೋಗಿತ್ತು. ಸತ್ತ ಅವ್ವ ಎಲ್ಲಿ ಎಂದು ಕೇಳುತ್ತಾನೆ, ಸತ್ತಳು ಅಂದರೆ ಪ್ರತಿ ಸಲವೂ ಹೊಸದಾಗಿ ಅಳುತ್ತಾನೆ. ಪಾತ್ರೆ ಬಿದ್ದ ಸದ್ದಿಗೆ ಕೆರಳಿ ಮಗಳು ವನಿತಾಳ ಮೇಲೆ ಸೌದೆ ಎಸೆದಿದ್ದ. ಚಿಕ್ಕಮಾದಿ ಕೂಲಿಗೆ ಹೋದರೆ ಅವನನ್ನು ಕಾಯುವವರಿಲ್ಲ, ಅವನನ್ನು ಕಾದರೆ ಒಲೆ ಉರಿಯುವುದಿಲ್ಲ.

ಡಾಕ್ಟರು ತಲೆ ಎತ್ತದೆ ಕೇಳಿದರು. "ಹೆಸರು?"

"ದೊಡ್ಡಬೊಮ್ಮ ಸಾಮಿ."

"ಯಾವ ತಾಲ್ಲೂಕು?"

"ಎಗ್ಗಡದೇವನಕೋಟೆ ಸಾಮಿ."

"ಇವತ್ತು ಯಾವ ವಾರ?"

"ಬುದುವಾರ ಸಾಮಿ."

"ಹತ್ತರಲ್ಲಿ ಮೂರು ಹೋದ್ರೆ?"

"ಏಳು ಸಾಮಿ."

"ಕೈ ಎತ್ತು. ಮೂಗು ಮುಟ್ಕೊ. ಒಂಟಿ ಕಾಲಲ್ಲಿ ನಿಂತ್ಕೊ."

ಎಲ್ಲ ಮಾಡಿದ. ಒಂಟಿ ಕಾಲಲ್ಲಿ ನಿಂತವನು ಇಳಿಸು ಅನ್ನುವ ತನಕ ಕಾಲು ಇಳಿಸಲೂ ಇಲ್ಲ. ಚಿಕ್ಕಮಾದಿಯ ಮುಖ ಅರಳಿತು. ವಾರಗಟ್ಟಲೆ ತಾಯಿ ಮಗಳು ಕೂತು ಹೇಳಿಕೊಟ್ಟಿದ್ದು ಸುಳ್ಳಾಗಲಿಲ್ಲ. ರೇಷನ್ ಕಾರ್ಡಿಗಾಗಲಿ, ಆಧಾರಿಗಾಗಲಿ, ಫಾರೆಸ್ಟಿನವರ ಗೇಟಿನಲ್ಲಾಗಲಿ ಹಾಡಿಯವರು ತೊದಲಿದರೆ ಕೆಲಸ ಕೆಟ್ಟಂತೆಯೇ. ಥಟ್ಟನೆ ಜವಾಬು ಕೊಟ್ಟವನಿಗೆ ಮುದ್ರೆ ಬೀಳುತ್ತದೆ, ತಡವರಿಸಿದವನಿಗೆ 'ಕಾಡು ನನ್ ಮಗನೇ, ಆಚೆ ನಡಿ'. ಹುಟ್ಟಿದಾಗಿನಿಂದ ಅವಳು ಕಂಡ ಸರ್ಕಾರ ಇಷ್ಟೇ. ಅದಕ್ಕೇ ವನಿತಾ ಶಾಲೆಯಿಂದ ಬಂದವಳು ಅಪ್ಪನ ಮುಂದೆ ಕೂತು ಮೇಷ್ಟರ ಹಾಗೆ ವಾರ, ತಾಲ್ಲೂಕು, ಲೆಕ್ಕ ಎಲ್ಲ ಬಾಯಿಪಾಠ ಮಾಡಿಸಿದ್ದಳು. ವಾರವನ್ನಂತೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ಚಿಕ್ಕಮಾದಿ ಅವನ ಕಿವಿಯಲ್ಲಿ ಊದುತ್ತಲೇ ಬಂದಿದ್ದಳು.

ಡಾಕ್ಟರು ಆಸ್ಪತ್ರೆಯ ಹಳೆ ಚೀಟಿ ತಿರುವಿದರು. "ಕುಡಿದು ಬಿದ್ದೆಯಂತಲ್ಲಯ್ಯಾ?"

"ಊಂ ಸಾಮಿ," ಎಂದು ದೊಡ್ಡಬೊಮ್ಮ ಹಲ್ಲು ಬಿಟ್ಟ. ಸಾಹೇಬರು ಏನು ಕೇಳಿದರೂ ಊಂ ಅನ್ನಬೇಕು ಎಂದೂ ಹೇಳಿಕೊಟ್ಟಿದ್ದರು.

"ಇವನಿಗೇನಾಗಿದೆ? ನನಗಿಂತ ಚೆನ್ನಾಗಿದ್ದಾನೆ," ಡಾಕ್ಟರು ನಕ್ಕರು. "ಕುಡಿಯೋದು ಬಿಡಿಸಮ್ಮ, ಎಲ್ಲ ಸರಿಹೋಗುತ್ತೆ. ಮುಂದಿನೋರು ಬನ್ನಿ."

"ಸಾಮಿ, ತಲೆ ಒಳ್ಗೆ..."

"ಕೆಲಸ ತಪ್ಪಿಸ್ಕೊಳ್ಳೋಕೆ ಇದೊಂದು ಕಲ್ತಿದ್ದೀರ ನೀವು," ಗುಮಾಸ್ತ ಕೈಬೀಸಿದ. "ಹಗ್ಗ ಹಿಡ್ಕೊಂಡು ನಾಟಕ. ನಡಿ ನಡಿ."

ಅವಳ ಮುಖದ ನಗು ಹಾಗೇ ಇತ್ತು. ಅದನ್ನು ಎಲ್ಲಿ ಇಳಿಸಿಡಬೇಕೋ ತಿಳಿಯದೆ ಹೊತ್ತುಕೊಂಡೇ ಆಚೆ ಬಂದಳು.

ಮಂಟಪದ ಮೆಟ್ಟಿಲ ಬಳಿ ಬುರ್ಖಾ ತೊಟ್ಟ ಹೆಂಗಸೊಬ್ಬಳು ಕೂತಿದ್ದಳು. ಪಕ್ಕದಲ್ಲಿ ಗಡ್ಡ ಬಿಟ್ಟ ಗಟ್ಟಿಮುಟ್ಟಾದ ಮಗ, ಅಂಗೈ ಮೇಲೊಂದು ಮರದ ತುಂಡು ಇಟ್ಟುಕೊಂಡು ಉಪ್ಪುಕಾಗದದಿಂದ ಒಂದೇ ಸಮನೆ ಉಜ್ಜುತ್ತಿದ್ದ. ಹೆಂಗಸು ಹಗ್ಗವನ್ನು ನೋಡಿದಳು, ದೊಡ್ಡಬೊಮ್ಮನನ್ನು ನೋಡಿದಳು. ಯಾರೂ ಕೇಳದ ಪ್ರಶ್ನೆ ಕೇಳಿದಳು.

"ತಲೆಗೆ ಏಟಾ?"

ಚಿಕ್ಕಮಾದಿ ಹಗ್ಗ ಎಳೆದು ಗಂಡನನ್ನು ಹತ್ತಿರಕ್ಕೆ ಕರೆದುಕೊಂಡಳು.

"ನಾನು ಮುನ್ನೀಬಿ. ಹುಣಸೂರಲ್ಲಿ ಬಡಗಿ ಖದೀರ್ ಅಂತ ಇದಾರಲ್ಲ, ಅವರ ಮನೆಯೋಳು. ಇವನು ನನ್ ಮಗ ದಾನಿಶ್. ಮಡಿಕೇರಿ ರೋಡಲ್ಲಿ ಬೈಕಿಂದ ಬಿದ್ದ. ಕೂತ್ಕೊಳಮ್ಮ, ಟೀ ಕುಡಿ."

ಮುನ್ನೀಬಿ ಫ್ಲಾಸ್ಕು ತೆಗೆದಳು. ಚಿಕ್ಕಮಾದಿ ಲೋಟ ಮುಟ್ಟಲಿಲ್ಲ. ಹಾಡಿಗೆ ಬಂದು ಅಕ್ಕಿ ಚೀಲದ ಜೊತೆ ಫೋಟೊ ಹಿಡಿಸಿಕೊಂಡವರನ್ನು ಅವಳು ಕಂಡಿದ್ದಳು. ಚೀಲದಲ್ಲಿ ಹುಳ ಇತ್ತು. ಹೆಬ್ಬೆಟ್ಟು ಒತ್ತಿಸಿಕೊಂಡು ಹೋದವರು ಮತ್ತೆ ಮುಖ ತೋರಿಸಿರಲಿಲ್ಲ. ಗಂಡನ ತಲೆಗೆ ತಾಯಿತ ಕಟ್ಟಿದವನು ಇದ್ದೊಂದು ಹುಂಜ ಒಯ್ದಿದ್ದ. ಸುಮ್ಮನೆ ಟೀ ಕೊಡುವವರು ಇನ್ನೂ ದೊಡ್ಡದೇನನ್ನೋ ಒಯ್ಯುವವರೇ ಇರಬೇಕು.

ಮುನ್ನೀಬಿಗೆ ಅರ್ಥವಾಯಿತೇನೋ. ಆ ಲೋಟದಿಂದಲೇ ತಾನೊಂದು ಗುಟುಕು ಕುಡಿದು, "ನೋಡು, ಸಾಯ್ಲಿಲ್ಲ," ಅಂದಳು. "ಒಳಗೆ ಏನಂದ್ರು?"

"ಎಲ್ಲಾ ಸರಿ ಏಳ್ದ. ಒಂದೂ ತೆಪ್ಲಿಲ್ಲ. ಆದ್ರೂ ಇಲ್ಲ ಅಂದ್ರು. ಕುಡ್ದು ಬಿದ್ದವ್ನೆ ಅಂತಾರೆ."

"ನೀನು ಹೇಳ್ಕೊಟ್ಟಿದ್ಯಾ?"

"ಇನ್ನೇನ್ ಮತ್ತೆ, ಅಂಗೇ ಕರ್ಕಬತ್ತಾರಾ?"

ಮುನ್ನೀಬಿ ಹಣೆ ಚಚ್ಚಿಕೊಂಡಳು. ಆಮೇಲೆ ನಗತೊಡಗಿದಳು, ಆ ನಗುವಿನಲ್ಲಿ ಕುಹಕವಿರಲಿಲ್ಲ. "ಯಾ ಅಲ್ಲಾ. ಸರಿ ಹೇಳಿದ್ದಕ್ಕೇ ಕೊಡಲಿಲ್ಲ ಕಣಮ್ಮ. ತಪ್ಪು ಹೇಳಿದ್ರೆ ತಾನೆ ತಲೆ ಕೆಟ್ಟಿದೆ ಅಂತ ಬರ್ಕೊಡೋದು? ನಾನೂ ಇದೇ ಮಾಡಿದ್ದೆ. ಮಗ ಪೆದ್ದ ಅಂತ ಅನ್ನಿಸ್ಕೋಬಾರದು ಅಂತ ಮಗ್ಗಿ ಎಲ್ಲ ಹೇಳ್ಕೊಟ್ಟು ಕರ್ಕೊಂಡ್ ಬಂದಿದ್ದೆ."

ಚಿಕ್ಕಮಾದಿ ಮೆಟ್ಟಿಲ ಮೇಲೆ ಕುಸಿದಳು. ಮಗಳು ಬಾಯಿ ಒಣಗಿಸಿಕೊಂಡು ಕಲಿಸಿದ್ದು ನೆನಪಾಯಿತು.

"ಇಂಥೋರಿಗೆ ಮಾತು ಕೇಳಿ ನೋಡಬಾರದು, ಕೆಲಸ ಹೇಳಿ ನೋಡಬೇಕು," ಎಂದ ಮುನ್ನೀಬಿ ದೊಡ್ಡಬೊಮ್ಮನತ್ತ ತಿರುಗಿದಳು. "ಅಣ್ಣಾ, ಆ ಎದುರಿನ ಅಂಗಡಿಗೆ ಹೋಗಿ ಬೆಂಕಿಪೊಟ್ಟಣ, ಬಾಳೆಹಣ್ಣು ತಗೊಂಡು ಬರ್ತೀರಾ?"

"ಬೆಂಕಿಪೊಟ್ನ, ಬಾಳೆಅಣ್ಣು," ಎಂದು ಸ್ಪಷ್ಟವಾಗಿ ಹೇಳಿ ದೊಡ್ಡಬೊಮ್ಮ ಹೊರಟ. ಚಿಕ್ಕಮಾದಿ ಹಗ್ಗದ ಸುರುಳಿ ಬಿಡುತ್ತಾ ಹೋದಳು. ಅಂಗಡಿಯ ಮುಂದೆ ನಿಂತ. ಕೈ ಚಾಚಿದ. ಚಾಚಿದ ಕೈಯನ್ನೇ ನೋಡಿಕೊಂಡ. ಅಷ್ಟರಲ್ಲಿ ಬಸ್ಸೊಂದು ಬಂದು ನಿಂತಿತು. ಅವನು ಹೋಗಿ ಬಸ್ಸು ಹತ್ತಿದ. ಹಗ್ಗ ಬಿಗಿಯಾಗಿ ಚಿಕ್ಕಮಾದಿ ಎರಡು ಹೆಜ್ಜೆ ಮುಗ್ಗರಿಸಿದಳು. ಕಂಡಕ್ಟರು ಬಾಯಿಗೆ ಬಂದದ್ದು ಬೈದು ಅವನನ್ನು ಕೆಳಗೆ ದಬ್ಬಿದ.

"ಇದನ್ನ ತೋರಿಸಬೇಕಿತ್ತು ನೀನು," ಅಂದಳು ಮುನ್ನೀಬಿ. "ಕೇಳು. ಮೈಸೂರಲ್ಲಿ ಹೇಮಶ್ರೀ ಅಂತ ಮೇಡಂ ಇದಾರೆ. ತಲೆಗೆ ಏಟಾದೋರಿಗೆ ಮತ್ತೆ ಹಲ್ಲುಜ್ಜೋದರಿಂದ ಹಿಡಿದು ಕಲಿಸೋ ಜಾಗ. ಹಗಲೆಲ್ಲ ಅವರೇ ನೋಡ್ಕೋತಾರೆ, ನಮಗೂ ಹೆಂಗೆ ನೋಡ್ಕೋಬೇಕು ಅಂತ ಹೇಳ್ಕೊಡ್ತಾರೆ. ಇವನು ಮೊದಲು ಬಟ್ಟೆ ಹಾಕ್ಕೊಳೋದೇ ಮರೆತಿದ್ದ. ಈಗ ಅಪ್ಪನ ಜೊತೆ ಕೂತು ಮರ ಉಜ್ಜುತಾನೆ. ಒಂದೇ ಹಲಗೆ ನಾಲ್ಕು ದಿನ ಉಜ್ಜುತಾನೆ, ಅದು ಬೇರೆ ಮಾತು. ಮಂಗಳವಾರ ಕರ್ಕೊಂಡ್ ಬಾ, ನಾನೂ ಬರ್ತೀನಿ. ಆದ್ರೆ ಹೆಂಡತಿ ಮಾತು ಒಂದೇ ಸಾಕಾಗಲ್ಲ. ಬಿದ್ದಿದ್ದನ್ನ ಕಂಡೋರು, ಮೊದಲು ಹೆಂಗಿದ್ದ ಅಂತ ಬಲ್ಲೋರು ಒಬ್ಬರು ಬಂದು ಬಾಯಿಬಿಟ್ಟು ಹೇಳಬೇಕು. ಕುಡಿದು ಬಿದ್ದ ಅಂತ ಹಬ್ಬಿಬಿಟ್ಟಿದೆಯಲ್ಲ, ಅದನ್ನ ಅಳಿಸಬೇಕು."

ಚಿಕ್ಕಮಾದಿ ಅವಳ ಮುಖವನ್ನೇ ನೋಡಿದಳು. "ಇದ್ರಲ್ಲಿ ನಿಮ್ಗೇನ್ ಲಾಬ?"

"ಲಾಭನಾ?" ಮುನ್ನೀಬಿ ಮಗನ ಗಡ್ಡಕ್ಕೆ ಮೆತ್ತಿದ್ದ ಮರದ ಪುಡಿ ಒರೆಸಿದಳು. "ಅಲ್ಲಿ ಮೈಸೂರಲ್ಲಿ ಬೆಂಚ್ ಮೇಲೆ ಒಬ್ಬಳೇ ಕೂತ್ಕೊಂಡು ಕಾಯೋಕೆ ಬೇಜಾರು ಕಣೇ."

ಅದನ್ನೂ ಚಿಕ್ಕಮಾದಿ ಪೂರ್ತಿ ನಂಬಲಿಲ್ಲ. ಟೀ ಮಾತ್ರ ಕುಡಿದಳು. ಆರಿಹೋಗಿತ್ತು.

ಬಿದ್ದಿದ್ದನ್ನು ಕಂಡವನು ಒಬ್ಬನೇ. ಬ್ಯಾರನ್ನಿನೊಳಗೆ ಅವತ್ತು ಇದ್ದದ್ದು ಮೇಲೆ ದೊಡ್ಡಬೊಮ್ಮ, ಕೆಳಗೆ ಸೊಪ್ಪಿನ ಕಡ್ಡಿ ಎತ್ತಿಕೊಡುತ್ತಿದ್ದ ಜಯರಾಮ. ಈಗ ಜಯರಾಮ ವಿರೂಪಾಕ್ಷನ ಮೇಸ್ತ್ರಿ. ಬೆಳಿಗ್ಗೆ ಪಿಕಪ್ಪಿನಲ್ಲಿ ಬಂದು ಹಾಡಿಯ ಹೆಂಗಸರು ಗಂಡಸರನ್ನು ತುಂಬಿಕೊಂಡು ಹೋಗುವುದು, ಬೈಗಿಗೆ ತಂದಿಳಿಸುವುದು ಅವನ ಕೆಲಸ. ಬಾವ ಬಿದ್ದಮೇಲೆ ಅವನು ಅಕ್ಕನ ಗುಡಿಸಲೊಳಗೆ ಕಾಲಿಟ್ಟಿರಲಿಲ್ಲ. ಪಿಕಪ್ಪಿನಿಂದಲೇ ಅಕ್ಕಿಯನ್ನೋ ಹಳೆ ಅಂಗಿಯನ್ನೋ ಇಳಿಸಿ ಹೋಗುತ್ತಿದ್ದ.

ಮರುದಿನ ಬೆಳಿಗ್ಗೆ ಚಿಕ್ಕಮಾದಿ ಪಿಕಪ್ಪಿಗೆ ಅಡ್ಡ ನಿಂತಳು.

"ಲೋ, ಮಂಗ್ಳಾರ ನನ್ ಜತೆ ಮೈಸೂರ್ಗೆ ಬಾ. ನಿಮ್ ಬಾವ ಎಂಗಿದ್ದ, ಎಂಗ್ ಬಿದ್ದ, ಈಗ ಎಂಗವ್ನೆ ಅಂತ ಏಳ್ಬೇಕು."

"ಎಂಗ್ ಬಿದ್ದ ಅಂದ್ರೆ?" ಜಯರಾಮ ಅತ್ತ ಇತ್ತ ನೋಡಿದ. "ಎಲ್ಲಾರ್ಗೂ ಗೊತ್ತಿರದೇ ಅಲ್ವಾ ಅಕ್ಕ. ಒಸಿ ಆಕಿದ್ದ. ಆಯ ತಪ್ತು."

"ನಂಗೊತ್ತಿಲ್ಲ. ನಾನ್ ಈಚೆ ಸೊಪ್ಪು ಕಟ್ತಾ ಕುಂತಿದ್ದೆ. ನಂಗೆ ಕೇಳುಸ್ದಂಗೆ ಮದ್ಲು ಮರ ಮುರೀತು, ಆಮ್ಯಾಕೆ ನನ್ ಗಂಡ ಬಿದ್ದ."

"ಬಿದ್ದೇಟ್ಗೇ ಮರ ಮುರುದಿದ್ದು."

"ಅಂಗಾರೆ ಬಿದ್ದ ಸದ್ದು ಮದ್ಲು ಬರ್ಬೇಕಿತ್ತು ಕಣ್ಲಾ."

ಪಿಕಪ್ಪಿನಲ್ಲಿ ಕೂತಿದ್ದವರೆಲ್ಲ ಕಾಡಿನತ್ತ ಮುಖ ತಿರುಗಿಸಿಕೊಂಡರು. ಕಾಡಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಯಾರೋ ಸಾಬರ ಎಂಗ್ಸು ನಿನ್ ತಲೆ ಕೆಡ್ಸವ್ಳಂತೆ," ಜಯರಾಮ ದನಿ ತಗ್ಗಿಸಿದ. "ಅವ್ಳಿಗೇನ್ ಬೇಕು ಅಂತ ಕೇಳ್ದಾ? ನಾಳೀಕೆ ಯಜಮಾನ್ರ ಮ್ಯಾಲೆ ಕೇಸ್ ಆಕ್ಸಿ ಅವ್ಳು ಮನೆ ಸೇರ್ಕತಾಳೆ. ನಾಡಿದ್ದು ಈ ಗಾಡೀಲಿ ಕುಂತವ್ರಿಗೆ ಕೂಲಿ ಯಾರ್ ಕೊಟ್ಟಾರು? ನಿನ್ ಗಂಡ ಒಬ್ನೇ ಅಲ್ಲ ಕಣಕ್ಕ, ಹಾಡಿಯೆಲ್ಲಾ ನನ್ ಕೈಲದೆ."

"ನಿನ್ ಕೈಲಿ ಅಗ್ಗ ಇತ್ತು ಕಣ್ಲಾ. ಹಾಡಿ ಯಾವಾಗ ಬಂತು?"

ಗಾಡಿಯೊಳಗೆ ಮುದುಕಿಯೊಬ್ಬಳು ಕೆಮ್ಮಿದಳು. ಕೆಮ್ಮೋ ನಗುವೋ ತಿಳಿಯಲಿಲ್ಲ. ಜಯರಾಮ ಗಾಡಿ ಹತ್ತಿ ಬಾಗಿಲು ಬಡಿದ. ಆ ಸದ್ದಿಗೆ ಗುಡಿಸಲಿನಲ್ಲಿ ದೊಡ್ಡಬೊಮ್ಮ ಕಿವಿ ಮುಚ್ಚಿಕೊಂಡು ಕಿರುಚಿದ.

ಸೋಮವಾರ ವಿರೂಪಾಕ್ಷನ ಹೊಲದಲ್ಲಿ ಬ್ಯಾರನ್ ತುಂಬುವ ದಿನ. ಅಂಗಳದಲ್ಲಿ ಹಸಿ ಸೊಪ್ಪಿನ ರಾಶಿ ಬಿದ್ದಿತ್ತು. ಹೆಂಗಸರು ಸಾಲಾಗಿ ಕೂತು ಎಲೆಗಳನ್ನು ಕಡ್ಡಿಗೆ ದಾರದಿಂದ ಕಟ್ಟುತ್ತಿದ್ದರು. ಎಲೆಯ ಅಂಟು ಮೆತ್ತಿ ಎಲ್ಲರ ಬೆರಳೂ ಕಪ್ಪು. ಚಿಕ್ಕಮಾದಿ ಗಂಡನನ್ನು ಹಗ್ಗದಲ್ಲಿ ಕರೆದುಕೊಂಡು ಗೇಟು ದಾಟಿ ಒಳಗೆ ಬಂದಳು.

"ಏನ್ಲೇ ಬೊಮ್ಮಾ!" ಕುರ್ಚಿಯಲ್ಲಿ ಕೂತಿದ್ದ ವಿರೂಪಾಕ್ಷ ಕೂಗಿದ. "ನಿನ್ ಎಂಡ್ತಿ ಎತ್ಗೆ ಮೂಗುದಾರ ಆಕ್ದಂಗೆ ಆಕವ್ಳಲ್ಲೋ! ನೇಗ್ಲಿಗೂ ಕಟ್ತಾಳಾ, ಇಲ್ಲಾ ಬರೀ ಮೇಸ್ತಾಳಾ?"

ನಗಬೇಕಾದವರು ನಕ್ಕರು. ದೊಡ್ಡಬೊಮ್ಮನೂ ನಕ್ಕ.

"ನಗು, ನಗು. ಕುಡ್ದು ಬಿದ್ದ ಬೋಳಿಮಗನ್ನ ನನ್ ಗಾಡೀಲೇ ಆಸ್ಪತ್ರೆಗೆ ಸಾಗಿಸ್ದೆ. ನಿಯತ್ತು ಇದ್ದದಾ ನಿಮ್ ಜಾತೀಗೆ? ಕ್ಯಾಂಪಿಗೆ ಓಗಿದ್ಯಂತೆ, ಮೈಸೂರ್ಗೆ ಓಯ್ತೀಯಂತೆ. ಏನಮ್ಮಿ, ಯಾರ್ ನಿನ್ ಹಿಂದೆ ಇರದು?"

"ನಿಮ್ಮತ್ರ ಏನೂ ಕೇಳಕ್ ಬಂದಿಲ್ಲ ಯಜಮಾನ್ರೇ. ನನ್ ತಮ್ಮಂಗೆ ಒಂದು ಸಾಮಾನು ಕೊಟ್ಟೋಗಕ್ ಬಂದೆ."

ಬ್ಯಾರನ್ನಿನ ಬಾಗಿಲಲ್ಲಿ ಕಡ್ಡಿ ಎಣಿಸುತ್ತ ನಿಂತಿದ್ದ ಜಯರಾಮನ ಬಳಿ ಅವಳು ನೇರ ನಡೆದಳು. ಸೊಂಟದ ಗಂಟು ಬಿಚ್ಚಿ, ಹಗ್ಗದ ತುದಿಯನ್ನೂ ಸುರುಳಿಯನ್ನೂ ಅವನ ಕೈಗೆ ತುರುಕಿದಳು.

"ಇಡ್ಕಳ್ಲಾ. ಇವತ್ತೊಂದಿನ ನೀನ್ ಕಟ್ಕಂಡು ತಿರುಗು. ನಾನ್ ಸೊಪ್ಪು ಕಟ್ಟಕ್ ಕುಂತ್ಕತೀನಿ. ಕುಡುಕನ್ನ ಕಾಯದು ಎಂಗೆ ಅಂತ ನೋಡು."

ಇಷ್ಟೇ ಅವಳ ಯೋಚನೆ. ಇದರಾಚೆಗೆ ಅವಳು ಯೋಚಿಸಿರಲಿಲ್ಲ.

ದೊಡ್ಡಬೊಮ್ಮ ಹಗ್ಗವನ್ನು ನೋಡಿದ. ಅದನ್ನು ಹಿಡಿದಿದ್ದ ಕೈಯನ್ನು ನೋಡಿದ. ಅವನ ನಗು ನಿಂತಿತು. ಬಿದ್ದಾಗಿನಿಂದ ಅವನ ಮುಖದಲ್ಲಿ ಕಾಣದಿದ್ದ ಒಂದು ಗಾಂಭೀರ್ಯ ಅಲ್ಲಿಗೆ ಬಂದು ಕೂತಿತು. ಅಂಗಿಗೆ ಗುಂಡಿ ಹಾಕಲು ಬಾರದ ಆ ಬೆರಳುಗಳು ಮಣಿಕಟ್ಟಿನ ಗಂಟನ್ನು ಬಿಚ್ಚಿದವು, ಹಗ್ಗವನ್ನು ಸೊಂಟಕ್ಕೆ ಸುತ್ತಿದವು, ಜೇನಿನ ಮರ ಹತ್ತುವಾಗ ಹಾಕುವ ಗಂಟನ್ನೇ ಹಾಕಿ ಎಳೆದು ನೋಡಿದವು.

"ಇಡ್ದಿದ್ದೀಯಾ ಬಾಮೈದಾ?"

ಮರ ಹತ್ತುವ ಮೊದಲು ಕೇಳುವ ಮಾತು ಅದು. ಕೆಳಗಿನವನು 'ಇಡ್ದಿವ್ನಿ' ಅನ್ನದೆ ಯಾರೂ ಕಾಲೆತ್ತುವುದಿಲ್ಲ. ಜಯರಾಮ ಕೈಯಲ್ಲಿದ್ದ ಸುರುಳಿಯನ್ನೇ ನೋಡುತ್ತಿದ್ದ. ದೊಡ್ಡಬೊಮ್ಮ ಉತ್ತರಕ್ಕೆ ಕಾಯಲಿಲ್ಲ. ಮೊದಲು ಹಾಗೆ ಕಾಯಿಸುತ್ತಿದ್ದ ಹೆದರಿಕೆ ಈಗ ಅವನಲ್ಲಿರಲಿಲ್ಲ. ಬ್ಯಾರನ್ನಿನೊಳಗೆ ನುಗ್ಗಿ ಮೊದಲನೆಯ ಗಳದ ಮೇಲೆ ಕಾಲಿಟ್ಟ. ಸೊಪ್ಪಿನ ಕಡ್ಡಿಗಳನ್ನು ತೂಗುಹಾಕಲು ಗೋಡೆಯಿಂದ ಗೋಡೆಗೆ, ಸಾಲಿನ ಮೇಲೆ ಸಾಲಾಗಿ ಸೂರಿನ ತನಕ ಗಳಗಳು. ಹಗ್ಗವನ್ನು ಮೇಲಿನ ಗಳದ ಮೇಲೆ ಹಾಯಿಸುತ್ತಾ, ಕಾಲು ಅಗಲಿಸಿ ಅತ್ತೊಂದು ಇತ್ತೊಂದು ಇಡುತ್ತಾ ಅವನು ಏರಿಬಿಟ್ಟ.

ಚಿಕ್ಕಮಾದಿಯ ಬಾಯಿ ತೆರೆದುಕೊಂಡಿತು. ಕೂಗಲಿಲ್ಲ. ಕೂಗಿದರೆ ಬೆಚ್ಚಿಬೀಳುತ್ತಾನೆ.

ಜಯರಾಮನ ಕೈಯಲ್ಲಿ ಹಗ್ಗ ಸರಸರ ಓಡುತ್ತಿತ್ತು. ಒಮ್ಮೆ ಬಾಗಿಲ ಕಡೆ ನೋಡಿದ. ಒಮ್ಮೆ ಮೇಲೆ ನೋಡಿದ. ಆಮೇಲೆ ಚಪ್ಪಲಿ ಕಳಚಿ ಒದ್ದು, ಒಳಗೆ ನಡೆದು, ಕಾಲೂರಿ ನಿಂತು ಹಗ್ಗ ಬಿಗಿದ.

"ಏನ್ಲಾ ಅದು?" ವಿರೂಪಾಕ್ಷ ಎದ್ದು ಬಂದ. "ಯಾವನ್ಲಾ ಅವನ್ನ ಅತ್ಸಿದ್ದು? ಏಯ್ ಜಯರಾಮ, ಬುಡ್ಲಾ ಅಗ್ಗವ! ಸೊಪ್ಪು ಬಾಡ್ತಾ ಬಿದ್ದದೆ, ಇವನ ಆಟ ನೋಡ್ಕಂಡ್ ನಿಂತವ್ನೆ. ಬುಡ್ಲಾ, ಬಿದ್ರೆ ಬೀಳ್ಲಿ ಸೂಳೆಮಗ!"

ಆ ಕೂಗಿಗೆ ಮೇಲೆ ದೊಡ್ಡಬೊಮ್ಮ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಗಳ ಹಿಡಿದುಕೊಂಡಿದ್ದ ಕೈಗಳವು. ಅವನು ಒಂದು ಪಕ್ಕಕ್ಕೆ ವಾಲಿದ. ಹಗ್ಗ ಸೆಟೆದು ನಿಂತಿತು.

"ಬಾಯ್ ಮುಚ್ಕಳಿ ಯಜಮಾನ್ರೇ," ಅಂದ ಜಯರಾಮ.

ತಿರುಗಿ ನೋಡದೆ ಅಂದ. ದನಿ ಎತ್ತದೆ ಅಂದ. ಅಂಗಳದಲ್ಲಿ ಕಡ್ಡಿಗೆ ಎಲೆ ಕಟ್ಟುತ್ತಿದ್ದ ಕೈಗಳೆಲ್ಲ ನಿಂತವು.

"ಏನಂದೆ?"

"ಸದ್ದಾದ್ರೆ ಅವಂಗಾಗಕಿಲ್ಲ. ಬಾಯ್ ಮುಚ್ಕಂಡು ನಿಂತ್ಕಳಿ." ಆಮೇಲೆ ಮೇಲಕ್ಕೆ, ಮಗುವಿಗೆ ಹೇಳುವ ಹಾಗೆ, "ಇಡ್ದಿವ್ನಿ ಬಾವ. ಇಡ್ದಿವ್ನಿ. ಕೈ ಇಳ್ಸು. ಗಳ ಇಡ್ಕೊ."

ದೊಡ್ಡಬೊಮ್ಮ ಕಿವಿಯಿಂದ ಕೈ ತೆಗೆದ. ಎದುರಿಗಿದ್ದ ಗಳವನ್ನು ತಬ್ಬಿ ಹಿಡಿದ. ಸುತ್ತಲಿನ ಗಳಗಳೆಲ್ಲ ಹೊಗೆ ಕುಡಿದು ಕಪ್ಪಾಗಿದ್ದವು. ಇದೊಂದು ಮಾತ್ರ ಇನ್ನೂ ಬೆಳ್ಳಗಿತ್ತು. ಅವನು ಅದನ್ನು ಸವರಿದ, ಬೆರಳಿನಿಂದ ಕುಟ್ಟಿದ, ಕಿವಿಯಿಟ್ಟ.

"ಬಾಮೈದಾ, ಇದು ಒಸದು. ಅಳೇದು ಎಲ್ಲೋಯ್ತು?"

ಬ್ಯಾರನ್ನಿನ ನಾಲ್ಕು ಗೋಡೆಯೊಳಗೆ ಮಾತು ಸುತ್ತಿ ಬಂತು. ಅಂಗಳದವರಿಗೂ ಕೇಳಿಸಿತು. ಬಿದ್ದ ದಿನದ ನೆನಪು ಅವನಿಗೆ ಚೂರೂ ಇರಲಿಲ್ಲ. ಹೊಸ ಗಳ ಕಂಡಿತು, ಹಳೆಯದನ್ನು ಕೇಳಿದ, ಅಷ್ಟೇ.

ಜಯರಾಮನ ತೋಳಿನ ನರ ಉಬ್ಬಿತ್ತು.

"ಮುರುದೋಯ್ತು ಬಾವ. ಉಳ ತಿಂದಿತ್ತು. ನಾನ್ ಕಂಡು ಯಜಮಾನ್ರಿಗೆ ಏಳಿದ್ದೆ. ಈ ಸೀಜನ್ನು ಕಳೀಲಿ, ಸುಮ್ನೆ ಅತ್ಸು ಅಂದ್ರು. ನಾನ್ ನಿಂಗೇಳ್ಲಿಲ್ಲ. ನೀನು ಕಾಲಿಟ್ಟೆ, ಮುರೀತು."

"ಔದಾ?" ದೊಡ್ಡಬೊಮ್ಮ ಬೇರೆ ಯಾರದೋ ಸುದ್ದಿ ಕೇಳಿದಂತೆ ಕೇಳಿದ. "ನಾನ್ ಕುಡಿದಿದ್ನಾ?"

"ಇಲ್ಲ ಬಾವ. ಕುಡಿದಿರ್ನಿಲ್ಲ. ಬೆಳಿಗ್ಗೆ ರಾಗಿ ಅಂಬ್ಲಿ ಕುಡ್ದು ಬಂದಿದ್ದೆ. ಇಳಿ ಈಗ. ನಿದಾನಕ್ಕೆ. ಮದ್ಲು ಎಡಗಾಲು."

ವಿರೂಪಾಕ್ಷ ಹೆಂಗಸರ ಕಡೆ ತಿರುಗಿದ. "ಏನ್ರೇ ನೋಡ್ತಾ ಕುಂತಿದ್ದೀರಾ? ಕಟ್ರೇ ಸೊಪ್ಪ!" ಒಬ್ಬರೂ ಕಟ್ಟಲಿಲ್ಲ. ಎಲೆಗಳು ಬಿಸಿಲಿಗೆ ಸುರುಟಿಕೊಳ್ಳುತ್ತಿದ್ದವು.

ದೊಡ್ಡಬೊಮ್ಮನ ಕಾಲು ನೆಲಕ್ಕೆ ಸೋಕಿದಾಗ ಚಿಕ್ಕಮಾದಿ ಓಡಿಹೋಗಿ ಅವನ ಕೆನ್ನೆಗೆ ಒಂದು ಬಾರಿಸಿದಳು. ಆಮೇಲೆ ತಮ್ಮನ ಕೆನ್ನೆಗೂ ಒಂದು ಬಾರಿಸಿದಳು, ಅದು ಜೋರಾಗಿಯೇ ಬಿತ್ತು.

"ಇವತ್ತಿಂದ ನೀನ್ ಮೇಸ್ತ್ರಿ ಅಲ್ಲ," ವಿರೂಪಾಕ್ಷನ ದನಿ ಒಡೆದಿತ್ತು. "ನಿಮ್ ಹಾಡಿಯ ಒಂದು ನಾಯೀನೂ ಈ ಗೇಟಿಂದ ಒಳಕ್ ಬುಡಕಿಲ್ಲ. ಕೆ.ಆರ್.ಪೇಟೆಯಿಂದ ಆಳು ತರುಸ್ತೀನಿ. ಸಾಯೋಗಿ."

ಗಾಡಿಯಲ್ಲಿ ಕೆಮ್ಮಿದ್ದ ಮುದುಕಿ ಅರ್ಧ ಕಟ್ಟಿದ್ದ ಕಡ್ಡಿಯನ್ನು ರಾಶಿಯ ಮೇಲೆ ಎಸೆದು, ಕಪ್ಪು ಕೈಯನ್ನು ಸೀರೆಗೆ ಒರೆಸಿಕೊಂಡು ಎದ್ದಳು. ಅವಳ ಹಿಂದೆ ಕೆಲವರು ಎದ್ದರು. ಕೆಲವರು ಏಳಲಿಲ್ಲ. ಏಳದವರು ಜಯರಾಮನನ್ನು ನೋಡಿದ ನೋಟದಲ್ಲಿ ಬೈಗುಳವಿತ್ತು.

ಮಂಗಳವಾರ ಬೆಳಿಗ್ಗೆ ರಸ್ತೆ ಬದಿಯ ಬಸ್ ಸ್ಟಾಪಿಗೆ ಚಿಕ್ಕಮಾದಿ ಗಂಡನೊಂದಿಗೆ ಬಂದಾಗ ಜಯರಾಮ ಆಗಲೇ ಬಂದು ಕಲ್ಲಿನ ಮೇಲೆ ಕೂತಿದ್ದ. ಅವನು ಬರಬಹುದೆಂದು ಅವಳು ಅಂದುಕೊಂಡಿರಲಿಲ್ಲ. ಬಂದದ್ದನ್ನು ಕಂಡು ಇನ್ನಷ್ಟು ಅನುಮಾನವಾಯಿತು.

"ನೆನ್ನೆ ಬೈಗ್ನಲ್ಲಿ ಯಜಮಾನ ನಿನ್ ಮನೇಗಂಟ ಬಂದಿದ್ನಂತೆ?"

"ಬಂದಿದ್ದ."

"ಏನಂದ?"

"ಒಳ್ಳೇ ಮಾತೇ ಆಡ್ದ."

"ಅದ್ಕೇ ಕೇಳಿದ್ದು. ಬೈದಿದ್ರೆ ಕೇಳ್ತಿರ್ನಿಲ್ಲ. ಅಲ್ಲೋಗಿ ಏನ್ ಏಳ್ತೀಯ?"

"ನೆನ್ನೆ ಏಳಿದ್ದೇ."

ಅವಳು ಅವನ ಕಣ್ಣನ್ನೇ ದಿಟ್ಟಿಸಿದಳು. ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಅದು ಯಾವುದರ ಕೆಂಪೋ ಹೇಳಲಾಗದು. ಬಿದ್ದ ದಿನ ಆಸ್ಪತ್ರೆಯಲ್ಲಿ 'ಕುಡಿದಿದ್ದ' ಎಂದು ಹೇಳುವಾಗಲೂ ಅವನ ಕಣ್ಣು ಹೀಗೇ ಇತ್ತು. ಮೈಸೂರಿನಲ್ಲಿ ಹೇಮಶ್ರೀ ಮೇಡಂ ಮುಂದೆ ಯಾವ ನಾಲಿಗೆ ಹೊರಳುತ್ತದೋ. ಆ ಮೇಡಂ ತಾನೆ ಎಂಥವಳೋ. ಮುನ್ನೀಬಿ ಹೇಳಿದಂತೆ ಆ ಬೆಂಚಿನ ಮೇಲೆ ಬಂದು ಕೂತಿರುತ್ತಾಳೋ ಇಲ್ಲವೋ. ಒಂದು ಮಾತ್ರ ಅವಳು ಪಾಲಿಸಿದ್ದಳು. ಈ ಸಲ ಗಂಡನಿಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ. ವನಿತಾಳಿಗೂ ಬಾಯಿ ಮುಚ್ಚಿಕೊಂಡಿರಲು ಹೇಳಿದ್ದಳು.

"ಎಲ್ಲಿಗೋಯ್ತಿದ್ದೀವಿ?" ದೊಡ್ಡಬೊಮ್ಮ ಕೇಳಿದ. ಗುಡಿಸಲು ಬಿಟ್ಟಾಗಿನಿಂದ ಕೇಳುತ್ತಲೇ ಇದ್ದ.

"ಮೈಸೂರ್ಗೆ."

"ಇವತ್ತು ಯಾವ ವಾರ?"

ಅವಳು ಹೇಳಲಿಲ್ಲ.

ಜಯರಾಮ ಎದ್ದು ಬಂದು ಕೈ ಚಾಚಿದ. ಚಿಕ್ಕಮಾದಿ ಆ ಕೈಯನ್ನೊಮ್ಮೆ ನೋಡಿದಳು. ಆಮೇಲೆ ತನ್ನ ಸೊಂಟದ ಗಂಟು ಬಿಚ್ಚಿ ತುದಿಯನ್ನು ತಾನೇ ಅವನ ಮುಂಗೈಗೆ ಸುತ್ತಿ ಕಟ್ಟಿದಳು. ಎಳೆದು ನೋಡಿದಳು. ಸಾಲದೆಂದು ಇನ್ನೊಂದು ಗಂಟು ಹಾಕಿ ಮತ್ತೆ ಎಳೆದು ನೋಡಿದಳು.

"ಇಡ್ದಿದ್ದೀಯಾ ಬಾಮೈದಾ?" ಅಂದ ದೊಡ್ಡಬೊಮ್ಮ.

"ಇಡ್ದಿವ್ನಿ ಬಾವ."

ಬಸ್ಸು ಬಂತು. ಮೂವರೂ ಹತ್ತಿದರು. ಹಗ್ಗ ಜಯರಾಮನ ಕೈಯಲ್ಲಿತ್ತು, ದೊಡ್ಡಬೊಮ್ಮ ನೆಲಕ್ಕೆ ಬಿದ್ದಿರಲಿಲ್ಲ. ಆ ಹೊತ್ತಿನ ತನಕ ಕೊಟ್ಟ ಮಾತು ನಡೆದಿತ್ತು.